ಸಹಾಯ ಬೇಕು: ಫೈಬರ್ ಇಂಟರ್ನೆಟ್ ಪದೇ ಪದೇ ನಿಂತು ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮನೆಯ ಇಂಟರ್ನೆಟ್ ಆಗಾಗ ನಿಂತು ಹೋಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಬರುತ್ತದೆ. ವೈಫೈ ತೊಂದರೆ ಇರಬಹುದು ಅಂತ ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಹಾಕಿ ನೋಡಿದೆ. ಆಗಲೂ ಹಾಗೇ. ನೆಟ್ ಹೋದಾಗ ರೂಟರ್‌ಗೆ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಪರೀಕ್ಷೆ) ಸರಿಯಾಗಿ ಹೋಗುತ್ತದೆ, ಹೊರಗಿನ ಗೂಗಲ್ ಸರ್ವರ್‌ನ ವಿಳಾಸ 8.8.8.8ರಿಂದ ಮಾತ್ರ ಉತ್ತರವಿಲ್ಲ. ನೇರವಾಗಿ ನಂಬರಿಗೇ ಕಳಿಸಿದರೂ ಹೀಗಾದರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆ) ಸಮಸ್ಯೆ ಅಲ್ಲ, ಅಲ್ವಾ?

ಅದೇ ಹೊತ್ತಿಗೆ ಮೋಡೆಮ್‌ನ ಎಲ್‌ಒಎಸ್ (ಸಿಗ್ನಲ್ ಇಲ್ಲ ಅಂತ ತೋರಿಸುವ) ದೀಪ ಕೆಂಪಗೆ ಮಿನುಗುತ್ತದೆ. ಅಂದರೆ ಹೊರಗಿನಿಂದ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ. ಉಳಿದ ಹೊತ್ತಿನಲ್ಲೂ ಆರ್‌ಎಕ್ಸ್ ಪವರ್ (ಮೋಡೆಮ್‌ಗೆ ತಲುಪುವ ಬೆಳಕಿನ ಬಲ, ಡಿಬಿಎಂ ಅನ್ನುವ ಮಾನದಲ್ಲಿ) -27 ಡಿಬಿಎಂ ಆಸುಪಾಸಿನಲ್ಲೇ ಇದೆ. ಇದು ತುಂಬಾ ಕಡಿಮೆ ಅನಿಸುತ್ತದೆ. ಕಂಪನಿಯವರು ಮಾತ್ರ ಪ್ರತಿ ಸಲ "ರೀಸ್ಟಾರ್ಟ್ ಮಾಡಿ" ಅನ್ನುತ್ತಾರೆ. ನಿಜಕ್ಕೂ ಬೇಜಾರಾಗಿದೆ.

ವೈರ್ ಎಲ್ಲಾದರೂ ಜಾಸ್ತಿ ಬಾಗಿದೆಯಾ, ಕನೆಕ್ಟರ್‌ನಲ್ಲಿ ಧೂಳು ಕೂತಿದೆಯಾ, ಹೊರಗಿನ ಜಾಯಿಂಟ್ ಸರಿಯಿಲ್ಲವಾ? ಟೆಕ್ನಿಷಿಯನ್ ಬಂದಾಗ ಏನೇನು ಅಳೆದು ತೋರಿಸಲು ಕೇಳಬೇಕು? ಗೊತ್ತಿದ್ದವರು ದಯವಿಟ್ಟು ತಿಳಿಸಿ.