ಕಜ್ಜಿ, ತುರಿಕೆ, ಹುರುಕು: ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರ ಸ್ಕೇಬೀಸ್ ಬಗ್ಗೆ, ಅಂದ್ರೆ ನಮ್ಮ ಕಜ್ಜಿ. ಡಾಕ್ಟ್ರು ಮಧ್ಯೆ ಮಧ್ಯೆ ಬಂದು ಉತ್ತರ ಕೊಡ್ತಾರೆ. ಫಾರ್ವರ್ಡ್ ಹಾಕ್ಬೇಡ್ರಪ್ಪ.

ಹಾಸ್ಟೆಲ್ ಹುಡುಗನ ಅಮ್ಮ: ಸರ್ ಮಗ ದಸರಾ ರಜೆಗೆ ಬಂದಾಗ ಮೈಯೆಲ್ಲಾ ಕೆರ್ಕೊಳ್ತಿದ್ದ, ಆಗ ನಮಗ್ಯಾರಿಗೂ ಏನೂ ಇರ್ಲಿಲ್ಲ, ಅವನು ಹೋಗಿ ತಿಂಗಳಾದ್ಮೇಲೆ ಈಗ ನನಗೂ ಮಗಳಿಗೂ ಬೆರಳ ಸಂದೀಲಿ, ಸೊಂಟದ ಹತ್ರ ತುರಿಕೆ, ರಾತ್ರಿ ನಿದ್ದೆ ಇಲ್ಲ. ಇಷ್ಟು ದಿನ ಬಿಟ್ಟು ಬರುತ್ತಾ?

ಡಾಕ್ಟರ್: ಅವನಿಂದಲೇ ಬಂದಿರೋದು. ಕಜ್ಜಿ ಬರೋದು ಕಣ್ಣಿಗೆ ಸರಿಯಾಗಿ ಕಾಣದ ಒಂದು ನುಸಿಯಿಂದ. ಆ ನುಸಿ ಆಗಲೇ ಹತ್ತಿದೆ, ತುರಿಕೆ ಈಗ ಶುರುವಾಗಿದೆ ಅಷ್ಟೇ. ಹೆಣ್ಣು ನುಸಿ ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರ್ಕೊಂಡು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತೆ. ತುರಿಕೆ ಬರೋದು ಅದರ ಮಲ, ಎಂಜಲು, ಮೊಟ್ಟೆಗೆ ನಿಮ್ಮ ಇಮ್ಯೂನ್ ಸಿಸ್ಟಮ್ ಸಿಟ್ಟಾಗೋದ್ರಿಂದ. ಮೊದಲ ಸಲ ಗುರುತು ಹಿಡಿಯೋಕೇ 4ರಿಂದ 6 ವಾರ ಬೇಕು, ಎರಡನೇ ಸಲ ಹತ್ತಿದ್ರೆ ಒಂದರಿಂದ ನಾಲ್ಕು ದಿನ ಸಾಕು. ಹಂಗಾಗಿ ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ನುಸಿ ಸಾಯಿಸೋ ಪರ್ಮೆತ್ರಿನ್ 5% ಕ್ರೀಮ್ ಹಚ್ಚಿ, ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ, ಬೆಳಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಮ್ಮೆ. ಮಗನಿಗೂ ಹೇಳಿ, ರೂಮಿನವರೆಲ್ಲ ಒಟ್ಟಿಗೆ ಹಚ್ಚಬೇಕು.

ನಾಟಿ ಮದ್ದು: ಬೇವು ಅರಿಶಿನ ಅರೆದು ಸ್ವಲ್ಪ ಸೀಮೆಎಣ್ಣೆ ಸೇರಿಸಿ ಮೂರು ದಿನ ಹಚ್ಚಿ, ನೂರಕ್ಕೆ ನೂರು ಗ್ಯಾರಂಟಿ. ಹೆಚ್ಚೆಚ್ಚು ಶೇರ್ ಮಾಡಿ 🙏

ಡಾಕ್ಟರ್: ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತೆ.

ಬೆಂಗಳೂರು ಟೆಕ್ಕಿ: ಡಾಕ್ಟರ್, ಎರಡು ಸಲ ಕ್ರೀಮ್ ಆಯ್ತು, ಎರಡನೇದು ಹಚ್ಚಿ ವಾರವಾದ್ರೂ ತುರಿಕೆ ಇದೆ. ಮೂರನೇ ಸಲ ಹಚ್ಲಾ?

ಡಾಕ್ಟರ್: ಬೇಡ. ನುಸಿ ಸತ್ರೂ ಅದರ ಹೆಣ, ಮಲ ಚರ್ಮದಲ್ಲೇ ಇರುತ್ತೆ, ಮೇಲ್ಪದರ ಉದುರೋವರೆಗೆ ದೇಹ ಅದರ ಮೇಲೆ ಜಗಳ ಆಡ್ತಾನೇ ಇರುತ್ತೆ. 2ರಿಂದ 4 ವಾರ ಕಾಯಿರಿ, ಹೊಸ ಗುಳ್ಳೆ ಎದ್ರೆ ಮಾತ್ರ ತೋರಿಸಿ.

ಹಾಸನದ ಮೊಮ್ಮಗಳು: ಸರ್ ನಮ್ಮಜ್ಜಿಗೆ 78. ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಗೋತಾರೆ. ಅಂಗೈ, ಬೆರಳ ಸಂದಿ, ಮೊಣಕೈ ಮೇಲೆ ಬೂದು ಬಣ್ಣದ ದಪ್ಪ ಹೊಟ್ಟು, ಬೆಳಗ್ಗೆ ಹಾಸಿಗೆ ಕೊಡವಿದ್ರೆ ಬಿಳೀ ಪುಡಿ ಉದುರುತ್ತೆ. ಸೋರಿಯಾಸಿಸ್ ಅಂದ್ರು. ಅಜ್ಜಿಗೆ ತುರಿಕೆ ಅಷ್ಟೇನಿಲ್ಲ, ಆದ್ರೆ ಅವರಿಗೆ ಸ್ನಾನ ಮಾಡ್ಸೋ ನನಗೆ, ಅತ್ತೆಗೆ, ಕೆಲಸದಮ್ಮನಿಗೆ ಮೂವರಿಗೂ ವಿಪರೀತ ತುರಿಕೆ.

ಡಾಕ್ಟರ್: ಬೇರೆ ಪ್ರಶ್ನೆ ಆಮೇಲೆ ನೋಡ್ತೀನಿ, ಇದು ಮೊದಲು. ಅಜ್ಜಿ ಸುತ್ತ ಇರೋರಿಗೆಲ್ಲ ತುರಿಕೆ, ಅಜ್ಜಿಗೆ ಮಾತ್ರ ಇಲ್ಲ ಅಂದ್ರೆ ನನಗೆ ಭಯ ಆಗೋದೇ ಅದಕ್ಕೆ. ಇದು ಕ್ರಸ್ಟೆಡ್ ಸ್ಕೇಬೀಸ್, ಅಂದ್ರೆ ದಪ್ಪ ಹೊಟ್ಟು ಕಟ್ಟೋ ತೀವ್ರ ಕಜ್ಜಿ ಇರಬಹುದು. ಆರೋಗ್ಯವಂತರ ಮೈಮೇಲೆ ಸಾಮಾನ್ಯವಾಗಿ ಹತ್ತು ಹದಿನೈದು ನುಸಿ ಇರುತ್ತೆ ಅಷ್ಟೇ, ಯಾಕಂದ್ರೆ ದೇಹ ಕಾಯೋ ಟಿ ಸೆಲ್ಸ್ ಅನ್ನೋ ರಕ್ತಕಣಗಳು ಎಚ್ಚರವಾಗಿರುತ್ತೆ, ತುರಿಕೆ ಬರುತ್ತೆ, ನಾವು ಕೆರೀತೀವಿ, ಸುರಂಗಾನೇ ಕಿತ್ತು ಹೋಗುತ್ತೆ. ಸ್ಟೀರಾಯ್ಡ್ ಆ ಕಾವಲನ್ನ ಮಲಗಿಸಿಬಿಡುತ್ತೆ, ಆಗ ನುಸಿ ಸಾವಿರಗಟ್ಟಲೆ, ಕೆಲವರಲ್ಲಿ ಲಕ್ಷಗಟ್ಟಲೆ ಆಗುತ್ತೆ. ಬ್ಲಡ್ ಟೆಸ್ಟಲ್ಲಿ ಐಜಿಇ ಅನ್ನೋ ಆ್ಯಂಟಿಬಾಡಿ, ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಇದ್ರೂ ಇರಬಹುದು, ಅಂದ್ರೆ ದೇಹ ಸುಮ್ನೆ ಕೂತಿಲ್ಲ, ಹೊಡೀತಾ ಇದೆ, ಆದ್ರೆ ನುಸಿ ಸಾಯೋ ದಾರೀಲಿ ಹೊಡೀತಿಲ್ಲ. ನೀವು ಕೊಡವೋ ಬಿಳೀ ಪುಡೀಲಿ ಜೀವಂತ ನುಸಿ ಇರುತ್ತೆ. 1848ರಲ್ಲಿ ನಾರ್ವೆಯ ಡೇನಿಯಲ್ಸನ್, ಬೊಯೆಕ್ ಅನ್ನೋ ಇಬ್ರು ಕುಷ್ಠರೋಗಿಗಳಲ್ಲಿ ಇದನ್ನೇ ನೋಡಿ ಬರೆದ್ರು, ಅದಕ್ಕೇ ಹಳೇ ಹೆಸರು ನಾರ್ವೇಜಿಯನ್ ಸ್ಕೇಬೀಸ್. ಬರೀ ಕ್ರೀಮಿಗೆ ಬಗ್ಗಲ್ಲ, ನುಸಿ ಸಾಯಿಸೋ ಐವರ್ಮೆಕ್ಟಿನ್ ಮಾತ್ರೆ ಹಲವು ಡೋಸ್, ಹೊಟ್ಟು ಕರಗಿಸೋ ಮುಲಾಮು, ತಲೆ ಮುಖಕ್ಕೂ ಕ್ರೀಮ್ ಬೇಕಾಗುತ್ತೆ, ಎಲ್ಲಾ ವೈದ್ಯರ ಕಣ್ಣೆದುರು. ಚರ್ಮ ಬಿರುಕು ಬಿಟ್ಟ ಕಡೆ ಬ್ಯಾಕ್ಟೀರಿಯಾ ಒಳಗೆ ಹೋದ್ರೆ ರಕ್ತಕ್ಕೇ ಏರುತ್ತೆ, ಜೀವಕ್ಕೆ ಅಪಾಯ. ನಾಳೆ ಬೆಳಗ್ಗೆನೇ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ಕರ್ಕೊಂಡು ಹೋಗಿ, ಹೊಟ್ಟು ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿ ಅಂತ ನೀವೇ ಕೇಳಿ. ಜ್ವರ ಬಂದ್ರೆ ಬೆಳಗ್ಗೆವರೆಗೂ ಕಾಯಬೇಡಿ.

ನಾಟಿ ಮದ್ದು: ನೋಡಿದ್ರಾ ಇಂಗ್ಲಿಷ್ ಮಾತ್ರೆ ಮಾಡೋ ಕೆಲಸ. ಅಮ್ಮ, ಸ್ಟೀರಾಯ್ಡ್ ಇವತ್ತೇ ನಿಲ್ಸಿ.

ಡಾಕ್ಟರ್: ನಿಲ್ಲಿಸಬೇಡಿ!! ವರ್ಷಗಟ್ಟಲೆ ತಗೊಂಡಿದ್ದನ್ನ ದಿಢೀರ್ ಅಂತ ಬಿಟ್ರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಡೋಸ್ ಇಳಿಸೋದು ಅವರ ಡಾಕ್ಟ್ರ ಕೆಲಸ. ನಾಟಿ ಮದ್ದು ಅವರೇ, ಇದು ನಿಮ್ಮ ಆಟ ಅಲ್ಲ.

ಮೈಸೂರು ಮಲ್ಲಿಗೆ: ಇಮ್ಯೂನಿಟಿ ಹೆಚ್ಚೋಕೆ ಅಮೃತಬಳ್ಳಿ ಕಷಾಯ ಕುಡಿದ್ರೆ ಕಜ್ಜಿ ಬರಲ್ವಂತೆ?

ಡಾಕ್ಟರ್: ತುರಿಕೆ ಬರೋದೇ ಇಮ್ಯೂನಿಟಿಯಿಂದ ಅಂತ ಮೇಲೆ ಬರೆದಿದೀನಿ. ಕಷಾಯ ಕುಡಿದ್ರೆ ನುಸಿ ಸಾಯಲ್ಲ.

ಕಟುಸತ್ಯ: ಸ್ನಾನ ಮಾಡದ ಕೊಳಕು ಜನಕ್ಕೆ ಬರೋ ಕಾಯಿಲೆ. ನಮ್ಮ ಮನೇಲಿ ಯಾರಿಗೂ ಬಂದಿಲ್ಲ.

ಹಾಸ್ಟೆಲ್ ಹುಡುಗನ ಅಮ್ಮ: ನಾವು ದಿನಾ ಸ್ನಾನ ಮಾಡ್ತೀವಿ ಸ್ವಾಮಿ, ನಾಲಿಗೆ ಸ್ವಲ್ಪ ನೋಡ್ಕೊಂಡು ಆಡಿ.

ಕಟುಸತ್ಯ: ಸತ್ಯ ಹೇಳಿದ್ರೆ ಉರಿ.

ಡಾಕ್ಟರ್: ಸತ್ಯ ನಾನು ಹೇಳ್ತೀನಿ. ಎರಡನೇ ಮಹಾಯುದ್ಧದ ಟೈಮಲ್ಲಿ ಇಂಗ್ಲೆಂಡಿನ ಶೆಫೀಲ್ಡಲ್ಲಿ ಕೆನೆತ್ ಮೆಲನ್ಬಿ ಅನ್ನೋರು, ಯುದ್ಧಕ್ಕೆ ಹೋಗಲ್ಲ ಅಂದ ಸ್ವಯಂಸೇವಕರಿಗೆ ಕಜ್ಜಿ ಇದ್ದ ಸೈನಿಕರ ತೊಳೆಯದೇ ಇದ್ದ ಒಳಬಟ್ಟೆ ಹಾಕ್ಸಿದ್ರು, ಅವರ ಕಂಬಳೀಲಿ ಮಲಗ್ಸಿದ್ರು. ಹತ್ತಿದ್ದು ಬೆರಳೆಣಿಕೆ ಜನಕ್ಕೆ. ಕಜ್ಜಿ ಇದ್ದವರ ಪಕ್ಕದಲ್ಲೇ ಮಲಗಿಸಿದಾಗ ಹತ್ತಿತು. ಮೈಗೆ ಮೈ ತಾಗೋದು ಮುಖ್ಯ, ಕೊಳೆ ಅಲ್ಲ. ಇನ್ನೂ ಮಜಾ ಏನಂದ್ರೆ, ವಾಸಿಯಾದವರಿಗೆ ಮತ್ತೆ ಹತ್ತಿಸೋಕೆ ನೋಡಿದ್ರೆ ಹಲವರಿಗೆ ಹತ್ತಲೇ ಇಲ್ಲ, ಹತ್ತಿದವರಲ್ಲೂ ನುಸಿ ಕಮ್ಮಿ. ಸ್ವಲ್ಪ ರಕ್ಷಣೆ ಬರುತ್ತೆ, ಪೂರ್ತಿ ಅಲ್ಲ. ನುಸಿಯೂ ದಡ್ಡ ಅಲ್ಲ, ನಮ್ಮ ರಕ್ತದ ಕಾಂಪ್ಲಿಮೆಂಟ್ ಅನ್ನೋ ರಕ್ಷಣಾ ಪ್ರೋಟೀನನ್ನ ತಡೆಯೋ ಪ್ರೋಟೀನ್ ಬಿಡುತ್ತೆ.

ಬಿಎಸ್ಸಿ ಹುಡುಗ: ಹಂಗಿದ್ರೆ ವ್ಯಾಕ್ಸಿನ್ ಯಾಕಿಲ್ಲ ಸರ್?

ದಾವಣಗೆರೆ ಬೆಣ್ಣೆ: ಸರ್ ಕ್ರೀಮ್ ಹಚ್ಚಿದ್ಮೇಲೂ ತುರಿಕೆ ಇದೆ, ಏನ್ ಮಾಡ್ಲಿ?

ಡಾಕ್ಟರ್: ಮೇಲೆ ನೋಡಿ.

ಗದಗ ಅಣ್ಣ: ಅಂಗಡ್ಯಾಗ ಒಂದು ಟ್ಯೂಬ್ ಕೊಟ್ಟಾರ, ಹಚ್ಚಿದ್ರ ಎರಡ ದಿನಕ್ಕ ಆರಾಮ ಆಗ್ತದ, ಬಿಟ್ರ ಮತ್ತ ಶುರು.

ಡಾಕ್ಟರ್: ಟ್ಯೂಬ್ ಮೇಲೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತ ಇದ್ರೆ ಅದು ಸ್ಟೀರಾಯ್ಡ್. ತುರಿಕೆ ಮಾತ್ರ ಮುಚ್ಚುತ್ತೆ, ನುಸಿ ಹಾಯಾಗಿ ಬೆಳೆಯುತ್ತೆ. ಬಿಸಾಕಿ.

ಮೈಸೂರು ಮಲ್ಲಿಗೆ: ಕಪ್ಪು ಕಲೆ ಉಳಿದಿದೆ, ಯಾವ ಕ್ರೀಮ್?

ನಾಯಿ ಪ್ರೇಮಿ: ಬೀದಿನಾಯಿಯಿಂದ ಬರುತ್ತೆ ಅಂತ ನಮ್ಮ ಏರಿಯಾದಲ್ಲಿ ನಾಯಿಗೆ ಕಲ್ಲು ಹೊಡೀತಿದಾರೆ, ಹೇಳಿ ಡಾಕ್ಟರ್.

ಕಟುಸತ್ಯ: ನಾಯಿಯಿಂದಲೇ ಬರೋದು, ಎಲ್ಲಾ ಹಿಡಿದು ಊರಾಚೆ ಬಿಡ್ಬೇಕು.

ಡಾಕ್ಟರ್: ನಾಯಿ ನುಸಿ ಬೇರೆ ತಳಿ. ಮನುಷ್ಯರಿಗೆ ತಾಗಿದ್ರೆ ಸ್ವಲ್ಪ ದಿನ ತುರಿಕೆ, ನಮ್ಮ ಚರ್ಮದಲ್ಲಿ ಸಂಸಾರ ಹೂಡಲ್ಲ. ನಾಯಿಗೆ ಚಿಕಿತ್ಸೆ ಕೊಡಿಸಿ.

ನಾಯಿ ಪ್ರೇಮಿ: ಕಟುಸತ್ಯ, ನಿಮ್ಮನ್ನ ಊರಾಚೆ ಬಿಡ್ಬೇಕು.

ಕಟುಸತ್ಯ: ಅಡ್ಮಿನ್ ಇದೇನ್ರೀ ಭಾಷೆ??

ಕರಾವಳಿ ಕುವರ: ಐವರ್ಮೆಕ್ಟಿನ್ ಗರ್ಭಿಣಿಯರು ತಗೋಬಹುದಾ?

ಡಾಕ್ಟರ್: ಇಲ್ಲ. ಪರ್ಮೆತ್ರಿನ್ ಹಚ್ಚಬಹುದು, ಅವರ ಡಾಕ್ಟ್ರಿಗೆ ಹೇಳಿ. 15 ಕೆಜಿಗಿಂತ ಕಮ್ಮಿ ಇರೋ ಮಕ್ಕಳಿಗೂ ಆ ಮಾತ್ರೆ ಬೇಡ.

ನಾಟಿ ಮದ್ದು: ಗರ್ಭಿಣಿಯರಿಗೆ ಬೇವಿನೆಣ್ಣೆ...

ಡಾಕ್ಟರ್: ಅಡ್ಮಿನ್, ಇವರನ್ನ ತೆಗೀತೀರೋ, ನಾನು ಹೋಗ್ಲೋ?

ಹಾಸನದ ಮೊಮ್ಮಗಳು: ಸರ್, ಅಜ್ಜಿ ಬೆರಳು ಬಿರುಕು ಬಿಟ್ಟಲ್ಲಿ ಕೀವು ಕಾಣ್ತಿದೆ, ಮೈ ಸ್ವಲ್ಪ ಬೆಚ್ಚಗಿದೆ.

ಡಾಕ್ಟರ್: ಈಗಲೇ ಎಮರ್ಜೆನ್ಸಿಗೆ ಹೊರಡಿ, ಮಾತ್ರೆ ಚೀಟಿ ತಗೊಂಡು. ಸ್ಟೀರಾಯ್ಡ್ ತಗೊಳೋರಿಗೆ ಜ್ವರ ಜೋರಾಗಿ ಏರದೇನೂ ಇರಬಹುದು. ಅಲ್ಲಿ ಹೋದ ತಕ್ಷಣ ಕ್ರಸ್ಟೆಡ್ ಸ್ಕೇಬೀಸ್ ಅನುಮಾನ ಅಂತ ಹೇಳಿ, ಗ್ಲೌಸ್ ಹಾಕ್ಕೊಳ್ಳಲಿ.

ದಾವಣಗೆರೆ ಬೆಣ್ಣೆ: ಮೇಲೆ ಅಂದ್ರೆ ಎಲ್ಲಿ ಸರ್?