ಕತೆ, ಕವಿತೆ, ವಿಜ್ಞಾನ: ಒಂದು ವರ್ಷಕ್ಕೆ ಏನು ಓದಲಿ?

ಕೇಳಿದವರು: ಹತ್ತು ವರ್ಷದಿಂದ ಪತ್ತೇದಾರಿ ಬಿಟ್ಟು ಬೇರೇನೂ ಓದಿಲ್ಲ. ಈ ವರ್ಷ ಒಂದು ದೊಡ್ಡ ಕಾದಂಬರಿ, ಒಂದು ವಿಜ್ಞಾನದ ಪುಸ್ತಕ, ಸ್ವಲ್ಪ ಕವಿತೆ ಓದಬೇಕು ಅಂತಿದ್ದೇನೆ. ರಾತ್ರಿ ಅರ್ಧ ಗಂಟೆ ಸಿಗುತ್ತೆ. ಓದಿದವರು ಅನುಭವ ಹೇಳಿ.

ಹಳೇ ಓದುಗ: ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’. 361 ಅಧ್ಯಾಯ, ದಿನಕ್ಕೊಂದು ಅಂತ ಶುರು ಮಾಡಿದೆ. ನಲವತ್ತನೇ ದಿನಕ್ಕೆ ಕೈಬಿಟ್ಟೆ. ಕಾರಣ ಹೆಸರುಗಳು. ಪಿಯೇರ್, ಪ್ಯೋತ್ರ್ ಕಿರಿಲ್ಲೊವಿಚ್, ಕೌಂಟ್ ಬೆಝುಖೊವ್ ಮೂವರೂ ಒಬ್ಬನೇ ಅಂತ ನನಗೆ ಗೊತ್ತಾಗಲೇ ಇಲ್ಲ. ಎರಡನೇ ಸಲ ಯುದ್ಧದ ಭಾಗ ಹಾರಿಸಿ ಓದಿದೆ, ಕತೆಯೇ ಕೈತಪ್ಪಿತು. ಮೂರನೇ ಸಲ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಎಲ್ಲರ ಹೆಸರು, ಅಡ್ಡಹೆಸರು ಬರೆದು ಹಿಂಬದಿ ರಟ್ಟಿಗೆ ಅಂಟಿಸಿಕೊಂಡೆ. ಒಟ್ಟು 14 ತಿಂಗಳು ಹಿಡಿಯಿತು. ಆ ಹಾಳೆಯ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ, ಈಗಲೂ ಕಿತ್ತಿಲ್ಲ.

ಸಾಲುಗೀಟು: 14 ತಿಂಗಳು ಒಂದೇ ಕಾದಂಬರಿಗಾ? ನನಗಾದರೆ ಆಗದು. ನಾನು ಹಿಡಿದದ್ದು ಡಾರ್ವಿನ್ ಅವರ ‘ಆರಿಜಿನ್ ಆಫ್ ಸ್ಪೀಶೀಸ್’. ಕೈಗೆ ಸಿಕ್ಕಿದ್ದು 1872ರ ಆರನೇ ಆವೃತ್ತಿ. ಕೊನೆಯದು, ತಿದ್ದಿದ್ದು, ಇದೇ ಒಳ್ಳೇದು ಅಂದುಕೊಂಡೆ. ಅದೇ ತಪ್ಪು. ಟೀಕೆ ಮಾಡಿದವರಿಗೆ ಉತ್ತರ ಕೊಡೋಕೇ ಅದರಲ್ಲಿ ಒಂದು ಹೊಸ ಅಧ್ಯಾಯ ಸೇರಿಸಿದ್ದಾರೆ. ಎಂಟು ತಿಂಗಳು ತೆವಳಿದೆ. ಆಮೇಲೆ 1859ರ ಮೊದಲ ಆವೃತ್ತಿ ಸಿಕ್ಕಿತು, ಆರು ವಾರದಲ್ಲಿ ಮುಗಿಯಿತು. ಶುರುವಿನಲ್ಲೇ ಪಾರಿವಾಳ ಸಾಕುವವರ ಮಾತು ಬರುತ್ತೆ. ಒಂದೇ ಕಾಡು ಪಾರಿವಾಳದಿಂದ ಇಷ್ಟೊಂದು ತಳಿ ಹೇಗೆ ಬಂತು ಅಂತ ಪಟ್ಟಾಗಿ ಕೂತು ವಿವರಿಸುತ್ತಾರೆ. ಆ ಎಂಟು ತಿಂಗಳು ನನಗೆ ಯಾರು ವಾಪಸ್ ಕೊಡ್ತಾರೆ? ಪುಸ್ತಕ ಹೇಳುವವರು ಆವೃತ್ತಿಯನ್ನೂ ಹೇಳಬೇಕು.

ಮಹಡಿ ನಡಿಗೆ: ಇಬ್ಬರೂ ತಿಂಗಳು ಎಣಿಸುತ್ತಿದ್ದೀರಿ. ಕವಿತೆ ಬೇಕು ಅಂದಿದ್ದರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ಕಣ್ಣಿನ ಆಪರೇಷನ್ ಆದಮೇಲೆ ನನಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಓದಲು ಆಗುತ್ತಿರಲಿಲ್ಲ. ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದ ‘ನಾಕು ತಂತಿ’ ತೆಗೆದೆ. ಸುಮ್ನೆ ಕಣ್ಣಲ್ಲಿ ನಾಲ್ಕು ಸಲ ಓದಿದೆ, ಏನೂ ದಕ್ಕಲಿಲ್ಲ. ಅಳುವೇ ಬಂತು. ಆಮೇಲೆ ದಿನಕ್ಕೆ ಎರಡೇ ಸಾಲು ಬಾಯಿಪಾಠ ಮಾಡಿ ಮಹಡಿ ಮೇಲೆ ನಡೆಯುತ್ತಾ ಗಟ್ಟಿಯಾಗಿ ಹೇಳತೊಡಗಿದೆ. ಹನ್ನೊಂದನೇ ದಿನ ಹೆಜ್ಜೆಯೂ ಸಾಲೂ ಕೂಡಿಕೊಂಡವು. ಅರ್ಥ ಪೂರ್ತಿ ಈಗಲೂ ಗೊತ್ತಿಲ್ಲ. ಆದರೆ ಆ ವರ್ಷ ನನ್ನನ್ನು ನಿಲ್ಲಿಸಿದ್ದು ಅದೇ. ಕವಿತೆಯನ್ನು ಅದರ ಮೂಲ ಭಾಷೆಯಲ್ಲೇ ಓದಬೇಕು. ಅನುವಾದ ಓದಿ ಓದಿದೆ ಅನ್ನೋದು ಸರಿಯಲ್ಲ.

ಹಳೇ ಓದುಗ: ಅಂದರೆ ನನ್ನ 14 ತಿಂಗಳು ಲೆಕ್ಕಕ್ಕಿಲ್ವಾ? ನಾನು ಓದಿದ್ದು ಅನುವಾದವನ್ನೇ.

ಮಹಡಿ ನಡಿಗೆ: ಕವಿತೆಯ ಮಾತು ಹೇಳಿದ್ದು ನಾನು. ಆದರೂ ಕೇಳಿದಿರಿ ಅಂತ ಹೇಳುತ್ತೇನೆ, ಟಾಲ್‌ಸ್ಟಾಯ್ ಅಷ್ಟೊಂದು ಫ್ರೆಂಚ್ ಮಾತು ಹಾಕಿದ್ದು ಸುಮ್ಮನೆ ಅಲ್ಲ. ಅನುವಾದದಲ್ಲಿ ಅದೆಲ್ಲ ಹೋಗುತ್ತೆ.

ಹಳೇ ಓದುಗ: 1873ರ ಆವೃತ್ತಿಯಲ್ಲಿ ಆ ಫ್ರೆಂಚನ್ನು ರಷ್ಯನ್‌ಗೆ ತಿರುಗಿಸಿದ್ದು ಸ್ವತಃ ಟಾಲ್‌ಸ್ಟಾಯ್ ಅವರೇ. ಬರೆದವರೇ ಬಿಟ್ಟದ್ದನ್ನು ನೀವು ಯಾಕೆ ಹಿಡಿದು ಕೂತಿದ್ದೀರಿ?

ಸಾಲುಗೀಟು: ನೋಡಿ, ಮತ್ತೆ ಆವೃತ್ತಿ! ನಾನು ಹೇಳಿದ್ದೂ ಅದನ್ನೇ ಅಲ್ವಾ? ಹಳೇ ಓದುಗರೇ, ನೀವು ಓದಿದ ಅನುವಾದ ಯಾವ ಆವೃತ್ತಿಯದ್ದು, ಅದನ್ನು ಮೊದಲು ಹೇಳಿ.

ಹಳೇ ಓದುಗ: ಪುಸ್ತಕ ಮೇಲಿನ ಅಟ್ಟದಲ್ಲಿದೆ. ಬೆಳಿಗ್ಗೆ ಇಳಿಸಿ ನೋಡಿ ಹೇಳುತ್ತೇನೆ.