ಅಪ್‌ಡೇಟ್: ಇರುಂಗಾಟ್ಟುಕೋಟೆಯಲ್ಲಿ ನನ್ನ ಮೊದಲ ರೇಸ್

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಮೊದಲ ಸಲ ರೇಸ್‌ಗೆ ಇಳಿಯುವವನು ಕಾರಿಗೆ ಏನೇನು ಮಾಡಿಸಬೇಕು ಎಂದು ಇಲ್ಲಿ ಕೇಳಿದ್ದೆ. ‘ಎಂಜಿನ್ ತಂಟೆಗೆ ಹೋಗಬೇಡಿ, ಬ್ರೇಕ್ ನೋಡಿಕೊಳ್ಳಿ’ ಎಂದವರಿಗೆ ದೊಡ್ಡ ನಮಸ್ಕಾರ.

ಬ್ರೇಕ್ ಆಯಿಲ್ ಹೊಸದು ಹಾಕಿಸಿಕೊಂಡೇ ಹೋಗಿದ್ದೆ. ಪಕ್ಕದ ಪಿಟ್‌ನವರು (ಪಿಟ್ ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ಸರಿಪಡಿಸಿಕೊಳ್ಳುವ ಜಾಗ) ಹಳೆಯ ಆಯಿಲ್‌ನಲ್ಲೇ ಬಂದಿದ್ದರು. ಬಿಸಿಗೆ ಅದು ಕುದಿದು, ಪೈಪಿನಲ್ಲಿ ಗುಳ್ಳೆ ಎದ್ದು, ಪೆಡಲ್ ನೆಲಕ್ಕೇ ಕೂತಿತು. ಅವರ ಶನಿವಾರ ಅಲ್ಲಿಗೆ ಮುಗಿಯಿತು. ಟೈರ್ ವಿಷಯದಲ್ಲೂ ನೀವು ಹೇಳಿದ್ದೇ ಸರಿ: ತಣ್ಣಗಿದ್ದಾಗ 30 ಪಿಎಸ್‌ಐ ಇದ್ದ ಗಾಳಿಯ ಒತ್ತಡ ಟ್ರ್ಯಾಕ್‌ನಿಂದ ಬರುವಾಗ 36 ಆಗಿತ್ತು. ಬಿಸಿಯಿರುವಾಗಲೇ ಅಳೆದು ಗಾಳಿ ಇಳಿಸಿದ ಮೇಲೆ ತಿರುವಿನಲ್ಲಿ ಕಾರು ಮಾತು ಕೇಳತೊಡಗಿತು. ಪಿಟ್‌ಗೆ ಬಂದ ತಕ್ಷಣ, ಬಿಸಿ ಬ್ರೇಕ್ ಅಂಟಿಕೊಳ್ಳದಿರಲಿ ಎಂದು ಹ್ಯಾಂಡ್‌ಬ್ರೇಕ್ ಎಳೆಯದೆ, ಕಾರು ಉರುಳದಂತೆ ಚಕ್ರಕ್ಕೆ ಅಡ್ಡ ಇಟ್ಟೆ.

ಯಾರೂ ಹೇಳದೆ ಉಳಿದದ್ದು ನೀಲಿ ಬಾವುಟದ ಸಂಕಟ. ಹಿಂದಿನಿಂದ ವೇಗದ ಕಾರು ಬರುತ್ತಿದೆ ಎಂದು ಅದರ ಅರ್ಥ. ಗಾಬರಿಯಾಗಿ ಅಂಚಿಗೆ ಸರಿಯುವುದಕ್ಕಿಂತ ನಮ್ಮ ಗೆರೆಯಲ್ಲೇ ನೆಟ್ಟಗೆ ಹೋದರೆ ದಾಟುವವರಿಗೂ ಸುಲಭ. ಇದನ್ನು ಟ್ರ್ಯಾಕ್ ಬದಿಯಲ್ಲಿ ಬಾವುಟ ತೋರಿಸುವ ಮಾರ್ಷಲ್ ಒಬ್ಬರು ಮಜ್ಜಿಗೆ ಕುಡಿಯುತ್ತಾ ವಿವರಿಸಿದರು.

ಫಲಿತಾಂಶ ಕೇಳಬೇಡಿ, ಹಿಂದಿನಿಂದ ಎಣಿಸಿದರೆ ಬೇಗ ಸಿಗುತ್ತೇನೆ. ಕಾರು ಮಾತ್ರ ಒಂದು ಗೀರೂ ಇಲ್ಲದೆ ಬೆಂಗಳೂರಿಗೆ ಮರಳಿತು. ಮುಂಭಾಗದ ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದೆ. ದಿನನಿತ್ಯದ ಓಡಾಟಕ್ಕೂ ಟ್ರ್ಯಾಕ್‌ಗೂ ಒಂದೇ ಪ್ಯಾಡ್ ಬಳಸುವವರು ಯಾರಾದರೂ ಇದ್ದೀರಾ?